ಮಿಷಿಗನ್ ಹುಡುಗ್ರಿಗೆ ಆ ಕಳ್ಳತನ ಬೇಕೇ ಇರ್ಲಿಲ್ಲ

ಮೊನ್ನೆ ಇಲ್ಲಿ ಕನ್ನಡದವ್ರ ಮನೇಲಿ ಊಟಕ್ಕೆ ಸೇರಿದಾಗ ಮಿಷಿಗನ್ ಫುಟ್‌ಬಾಲ್ ಟೀಮು ಎದುರಾಳಿ ಕೋಚ್‌ಗಳ ಕೈಸನ್ನೆ ಕದ್ದ ಹಗರಣದ ಬಗ್ಗೆ ಮತ್ತೆ ಅದೇ ವಾದ, "ಎಲ್ಲಾ ಟೀಮೂ ಮಾಡುತ್ತೆ ಬಿಡಿ ಸಾರ್, ನಮ್ಮವ್ರು ಸಿಕ್ಕಾಕ್ಕೊಂಡ್ರು ಅಷ್ಟೇ" ಅಂದ್ರು ಒಬ್ರು. ನಂಗೆ ಇದು ಕೇಳಿದ್ರೆ ಸಂಕಟ ಆಗುತ್ತೆ, ಯಾಕೆ ಅಂತ ಬರೀತೀನಿ.

ಊರಲ್ಲಿರೋರಿಗೆ ಹೇಳ್ಬೇಕಂದ್ರೆ ಇದು ಹೆಲ್ಮೆಟ್ ಹಾಕ್ಕೊಂಡು ಚೆಂಡು ಕೈಲಿ ಹಿಡ್ಕೊಂಡು ನುಗ್ಗೋ ಅಮೆರಿಕನ್ ಫುಟ್‌ಬಾಲ್. ಆನ್ ಆರ್ಬರ್‌ನಲ್ಲಿರೋ ಮಿಷಿಗನ್ ಯೂನಿವರ್ಸಿಟಿ ಸ್ಟೇಡಿಯಂನಲ್ಲಿ 1,07,601 ಜನ ಕೂರ್ತಾರೆ, ಕಾಲೇಜು ಹುಡುಗ್ರ ಆಟ ನೋಡಕ್ಕೆ!

2020ರಲ್ಲಿ ಈ ಟೀಮು ನೆಲ ಕಚ್ಚಿತ್ತು. ಕೋವಿಡ್ ವರ್ಷ, ಆಡಿದ್ದು ಆರು, ಗೆದ್ದಿದ್ದು ಎರಡು. ಕೋಚ್ ಜಿಮ್ ಹಾರ್ಬಾನ ಕಿತ್ತಾಕಿ ಅಂತ ಎಲ್ರೂ ಕೂಗಾಡ್ತಿದ್ರು, ಆಗ ಯೂನಿವರ್ಸಿಟಿಯವ್ರು ಕಿತ್ತಾಕ್ಲಿಲ್ಲ, ಸಂಬಳ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿ ಇಟ್ಕೊಂಡ್ರು, ಅವ್ರೂ ಒಪ್ಕೊಂಡ್ರು. ಮುಂದಿನ ವರ್ಷವೇ ಹಿಮ ಬೀಳ್ತಿದ್ದ ದಿನ ಎದುರಾಳಿ ಯೂನಿವರ್ಸಿಟಿ ಓಹಾಯೋ ಸ್ಟೇಟನ್ನ 42-27ಕ್ಕೆ ಹೊಡೆದ್ರು, 2011ರಿಂದ ಅವ್ರ ಮೇಲೆ ಗೆದ್ದೇ ಇರ್ಲಿಲ್ಲ. ಆ ಸೀಸನ್ ಬಂದ ಬೋನಸ್ ದುಡ್ಡನ್ನ ಹಾರ್ಬಾ ಕೋವಿಡ್‌ನಲ್ಲಿ ಸಂಬಳ ಕಟ್ ಆಗಿದ್ದ ಸ್ಪೋರ್ಟ್ಸ್ ಡಿಪಾರ್ಟ್‌ಮೆಂಟ್ ಸಿಬ್ಬಂದಿಗೆ ಬಿಟ್ಕೊಟ್ರು. ಅದಕ್ಕೇ ಆ ಮನುಷ್ಯನ ಮೇಲೆ ನಂಗೆ ಅಷ್ಟು ಗೌರವ ಇದ್ದಿದ್ದು.

ಆಮೇಲೆ 2023ರ ಅಕ್ಟೋಬರ್. ಆಗ ಕಾಲೇಜು ಆಟದಲ್ಲಿ ಹೆಲ್ಮೆಟ್ ಒಳಗೆ ರೇಡಿಯೋ ಇರ್ಲಿಲ್ಲ, ಕೋಚ್‌ಗಳು ಗೆರೆ ಆಚೆ ನಿಂತು ಕೈಸನ್ನೆ ಮಾಡಿ ಮುಂದಿನ ಆಟ ಹೇಳ್ತಿದ್ರು. ಮೈದಾನದಲ್ಲೇ ನೋಡಿ ಆ ಸನ್ನೆ ಅರ್ಥ ಮಾಡ್ಕೊಂಡ್ರೆ ತಪ್ಪಿಲ್ಲ, ಆದ್ರೆ ಮುಂದೆ ಎದುರಾಗೋ ಟೀಮಿನ ಮ್ಯಾಚಿಗೆ ಮೊದ್ಲೇ ಜನ ಕಳ್ಸೋದು 1994ರಿಂದ ನಿಷೇಧ. ಮಿಷಿಗನ್ ಸ್ಟಾಫ್‌ನಲ್ಲಿದ್ದ ಕಾನರ್ ಸ್ಟಾಲಿಯನ್ಸ್ ಟಿಕೆಟ್ ತಗೊಂಡು ಜನ ಕಳ್ಸಿ ಆ ಸನ್ನೆಗಳನ್ನ ಫೋನಲ್ಲಿ ರೆಕಾರ್ಡ್ ಮಾಡಿಸ್ತಿದ್ದ. ರ‍್ಯಾಂಕ್ ಬರೋ ಹುಡುಗನ ಕೈಗೆ ಮನೆಯವ್ರೇ ಲೀಕಾದ ಕ್ವೆಶ್ಚನ್ ಪೇಪರ್ ತಂದು ಕೊಟ್ಟಂಗೆ ಇದು. ಅವ್ನು ಎಷ್ಟೇ ಓದಿರ್ಲಿ, ಆಮೇಲೆ ಯಾರು ನಂಬ್ತಾರೆ ಹೇಳಿ?

ನನ್ನ ಹೊಟ್ಟೆ ಉರಿಯೋದೇ ಇಲ್ಲಿ. ನವೆಂಬರ್ 3ಕ್ಕೆ ಸ್ಟಾಲಿಯನ್ಸ್ ರಾಜೀನಾಮೆ ಕೊಟ್ಟು ಹೋದ. ಅದಾದ್ಮೇಲೇ ತಾನೆ ಈ ಹುಡುಗ್ರು ಪೆನ್ ಸ್ಟೇಟ್, ಓಹಾಯೋ ಸ್ಟೇಟ್, ರೋಸ್ ಬೌಲ್ ಅನ್ನೋ ಸೆಮಿಫೈನಲ್‌ನಲ್ಲಿ ಓವರ್‌ಟೈಮ್ ಆಡಿ ಅಲಬಾಮ, ಫೈನಲ್‌ನಲ್ಲಿ 34-13ಕ್ಕೆ ವಾಷಿಂಗ್‌ಟನ್, ಎಲ್ರನ್ನೂ ಸೋಲಿಸಿ 15ಕ್ಕೆ 15 ಗೆದ್ದಿದ್ದು! 2025ರ ಆಗಸ್ಟ್‌ನಲ್ಲಿ ಕಾಲೇಜು ಆಟಗಳನ್ನ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ ಭಾರಿ ದಂಡ ಹಾಕ್ತು, ಸ್ಟಾಲಿಯನ್ಸ್‌ಗೆ 8 ವರ್ಷ, ಹಾರ್ಬಾಗೆ 10 ವರ್ಷ ಕಾಲೇಜು ಆಟದಲ್ಲಿ ನಿರ್ಬಂಧ, ಆದ್ರೆ ಗೆಲುವುಗಳನ್ನ ವಾಪಸ್ ತಗೊಳ್ಲಿಲ್ಲ. ಅದು ಸರಿಯಾದ ತೀರ್ಪು ಅಂತಾನೇ ನನ್ನ ಅಭಿಪ್ರಾಯ. ಹಾರ್ಬಾ ಅಷ್ಟರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿ ಆಗಿತ್ತು, ಹುಡುಗ್ರ ಹೆಸ್ರಿಗೆ ಮಾತ್ರ ಆ ಮಸಿ ಅಂಟ್ಕೊಂಡೇ ಇದೆ.

"ಎಲ್ರೂ ಮಾಡ್ತಾರೆ" ಅನ್ನೋರು ದಯವಿಟ್ಟು ನವೆಂಬರ್ 11ರ ಪೆನ್ ಸ್ಟೇಟ್ ಮ್ಯಾಚು ಇನ್ನೊಂದ್ಸಲ ನೋಡಿ. ಹಿಂದಿನ ದಿನವಷ್ಟೇ ಈ ಹಗರಣಕ್ಕೆ ಹಾರ್ಬಾ ಸಸ್ಪೆಂಡ್ ಆಗಿದ್ರು, ಅವ್ರ ಜಾಗದಲ್ಲಿ ನಿಂತಿದ್ದು ಸಹಾಯಕ ಕೋಚ್ ಶೆರೋನ್ ಮೂರ್. ಅಧಿಕೃತ ಲೆಕ್ಕದಲ್ಲಿ ಸತತ 32 ಸಲ ಬರೀ ಓಟ, ಸೆಕೆಂಡ್ ಹಾಫಲ್ಲಿ ಒಂದೇ ಒಂದು ಪಾಸ್, ಅಂದ್ರೆ ಚೆಂಡು ಮುಂದಕ್ಕೆ ಎಸೆಯೋದು, ಇಲ್ಲ. ಚೆಂಡು ಹಿಡ್ಕೊಂಡು ಓಡೇ ಬರ್ತಾರೆ ಅಂತ ಎದುರಿಗಿದ್ದೋರಿಗೆಲ್ಲಾ ಗೊತ್ತಿತ್ತು, ಆದ್ರೂ ತಡೆಯಕ್ಕಾಗ್ಲಿಲ್ಲ, 24-15. ಮ್ಯಾಚ್ ಮುಗಿದ ತಕ್ಷಣ ಮೂರ್ ಟಿವಿ ಮೈಕ್ ಮುಂದೆ ಗಳಗಳ ಅತ್ತುಬಿಟ್ರು, ಮನೇಲಿ ಸೋಫಾ ಮೇಲೆ ಕೂತಿದ್ದ ನಾನೂ ಅತ್ತೆ.