ಮಿಟೊ ಪುಸ್ತಕದಲ್ಲಿ ಇಲ್ಲ, ಅದಕ್ಕೇನೀಗ?

ಜಪಾನಿನ ಯುವ ಓದುಗರ ಕಾದಂಬರಿ, ಅಂದರೆ ಲೈಟ್ ನಾವೆಲ್‌ನಿಂದ ಮಾಡಿದ ಅನಿಮೆ ಸಿನಿಮಾ ಬಂದಾಗಲೆಲ್ಲ ಅಭಿಮಾನಿಗಳದ್ದು ಒಂದೇ ಪಂಚಾಯ್ತಿ. ಪುಸ್ತಕದಲ್ಲಿ ಇದ್ದ ಹಾಗೇ ತೆಗೆದಿದ್ದಾರಾ ಇಲ್ವಾ? ಒಂದು ಪಾತ್ರ ಜಾಸ್ತಿ ಬಂದರೂ ಗಲಾಟೆ, ಒಂದು ಸೀನ್ ಬಿಟ್ಟುಹೋದರೂ ಗಲಾಟೆ. ಮೊನ್ನೆ ‘ಸೋರ್ಡ್ ಆರ್ಟ್ ಆನ್‌ಲೈನ್ ಪ್ರೊಗ್ರೆಸಿವ್: ಆರಿಯಾ ಆಫ್ ಎ ಸ್ಟಾರ್‌ಲೆಸ್ ನೈಟ್’ ಮತ್ತೆ ನೋಡಿದೆ. 2021ರ ಅಕ್ಟೋಬರ್ 30ರಂದು ಜಪಾನಿನಲ್ಲಿ ಬಿಡುಗಡೆಯಾದ ಚಿತ್ರ. ಅದರ ಮೇಲೆ ಅವತ್ತಿನಿಂದ ಇರುವ ದೂರು ಒಂದೇ, ಮಿಟೊ ಅನ್ನುವ ಹುಡುಗಿ ಯಾಕೆ ಬಂದಳು ಅಂತ. ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲ, ನಿಜ. ಆದರೆ ನನ್ನ ಪ್ರಕಾರ ಈ ಸಿನಿಮಾ ನೋಡುವ ಹಾಗಿರುವುದೇ ಅವಳಿಂದ. (ಕತೆ ಪೂರ್ತಿ ಬಿಟ್ಟುಕೊಡುತ್ತೇನೆ, ನೋಡದೇ ಇರುವವರು ಇಲ್ಲೇ ನಿಲ್ಲಿಸಿ.)

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಕತೆಯ ಲೆಕ್ಕದಲ್ಲಿ 2022ರ ನವೆಂಬರ್ 6. ನರ್ವ್‌ಗಿಯರ್ ಅನ್ನುವ ಹೆಲ್ಮೆಟ್ ಹಾಕಿಕೊಂಡು 10,000 ಜನ ಒಂದು ಆನ್‌ಲೈನ್ ಆಟದೊಳಗೆ ಹೋಗುತ್ತಾರೆ. ಹೋದ ಮೇಲೆ ನೋಡಿದರೆ ಲಾಗೌಟ್ ಬಟನ್ನೇ ಇಲ್ಲ. ಆಟ ಕಟ್ಟಿದ ಕಯಾಬಾ ಅಕಿಹಿಕೊ ಆಕಾಶದಲ್ಲಿ ದೊಡ್ಡ ನಿಲುವಂಗಿಯಾಗಿ ಬಂದು ನಿಂತು ಹೇಳುತ್ತಾನೆ. ಐನ್‌ಕ್ರಾಡ್ ಅನ್ನುವ ಈ ಕೋಟೆಯ 100 ಮಹಡಿ ಗೆದ್ದರೆ ಮಾತ್ರ ಹೊರಗೆ. ಆಟದಲ್ಲಿ ಸತ್ತರೆ ನಿಜವಾಗಿಯೂ ಸತ್ತ ಹಾಗೆ, ಹೆಲ್ಮೆಟ್ ಮಿದುಳನ್ನು ಸುಟ್ಟುಬಿಡುತ್ತದೆ. 2012ರ ಟಿವಿ ಸರಣಿ ನೋಡಿದವರಿಗೆ ಇದೆಲ್ಲ ಬಾಯಿಪಾಠ.

ಈ ಕತೆ ಹುಟ್ಟಿದ್ದೇ ಒಂಥರಾ ತಮಾಷೆ. ರೆಕಿ ಕವಾಹಾರಾ 2002ರಲ್ಲಿ ಒಂದು ಸ್ಪರ್ಧೆಗೆ ಅಂತ ಬರೆದರು. ಬರೆದದ್ದು ಪುಟದ ಮಿತಿ ಮೀರಿಹೋಯಿತು, ಕಳಿಸಲಿಲ್ಲ, ಸುಮ್ನೆ ವೆಬ್‌ನಲ್ಲಿ ಹಾಕಿಕೊಂಡು ಬಂದರು. ಡೆಂಗೆಕಿ ಬುಂಕೊ ಅನ್ನುವ ಪುಸ್ತಕಮಾಲೆಯಲ್ಲಿ ಪುಸ್ತಕವಾಗಿ ಬಂದದ್ದು 2009ರಲ್ಲಿ. ಆ ಮೊದಲ ಪುಸ್ತಕದಲ್ಲಿ ಮೊದಲ ದಿನ ಮುಗಿದ ಕೂಡಲೇ ಕತೆ ಎರಡು ವರ್ಷ ಹಾರಿ 74ನೇ ಮಹಡಿಗೆ ಹೋಗಿ ಕೂರುತ್ತದೆ. ನಡುವಿನ 73 ಮಹಡಿಗಳನ್ನು ಹತ್ತಿದ್ದು ಹೇಗೆ? ಓದುಗರಿಗೆ ಕಾಡುತ್ತಿದ್ದ ಪ್ರಶ್ನೆ ಅದು. 2012ರಲ್ಲಿ ಅವರೇ ‘ಪ್ರೊಗ್ರೆಸಿವ್’ ಅಂತ ಹೊಸ ಸರಣಿ ಶುರು ಮಾಡಿ ಮೊದಲ ಮಹಡಿಯಿಂದ ಒಂದೊಂದೇ ಮೆಟ್ಟಿಲು ಹತ್ತಿಸತೊಡಗಿದರು. ಅಂದರೆ ಹೇಳಿದ ಕತೆಯನ್ನೇ ಮತ್ತೆ ಬೇರೆ ಥರ ಹೇಳುವ ಕೆಲಸ ಶುರು ಮಾಡಿದ್ದು ಸಿನಿಮಾದವರಲ್ಲ, ಸ್ವತಃ ಲೇಖಕರೇ. ಹಾಗಿರುವಾಗ ಸಿನಿಮಾದವರು ಒಂದು ಹೆಜ್ಜೆ ಆಚೀಚೆ ಇಟ್ಟರೆ ಆಕಾಶ ಕಳಚಿ ಬೀಳುವಂಥದ್ದು ಏನಿದೆ?

ಈ ಸಿನಿಮಾಕ್ಕೆ ಮೂಲವಾದ ‘ಪ್ರೊಗ್ರೆಸಿವ್’ ಪುಸ್ತಕದ ಜಾಸ್ತಿ ಭಾಗ ಕಥಾನಾಯಕ ಕಿರಿಟೊನ ಬಾಯಲ್ಲಿ ಬರುತ್ತದೆ. ಅವನು ಒಳ್ಳೆಯ ಆಟಗಾರ, ಎಲ್ಲ ಗೊತ್ತು, ಗೊತ್ತಿರುವುದನ್ನೆಲ್ಲ ವಿವರಿಸುತ್ತಾನೆ. ಓದುವಾಗ ಅದು ಮಜಾ. ತೆರೆಯ ಮೇಲೆ ಅದನ್ನೇ ಕೇಳಿಸಿಕೊಂಡು ಕೂತರೆ ನಿದ್ದೆ ಬರುತ್ತದೆ. ನಿರ್ದೇಶಕಿ ಅಯಾಕೊ ಕೊನೊ ಮಾಡಿದ ಜಾಣತನ ಅಂದರೆ ಕತೆಯನ್ನು ಅಸುನಾಳ ಕಡೆಗೆ ತಿರುಗಿಸಿದ್ದು. ಅವಳು ಅಣ್ಣನ ಹೆಲ್ಮೆಟ್ ಹಾಕಿಕೊಂಡು ಬಂದ 15 ವರ್ಷದ ಹುಡುಗಿ. ಆಟದ ಗಂಧಗಾಳಿ ಇಲ್ಲ. ಅವಳ ಕ್ಲಾಸಿನ ಗೆಳತಿ ಮಿಸುಮಿ ಆಟದಲ್ಲಿ ನುರಿತವಳು, ಆಟ ಬಿಡುಗಡೆಯಾಗುವ ಮೊದಲು ನಡೆದ ಪ್ರಯೋಗದಾಟ, ಅಂದರೆ ಬೀಟಾ ಟೆಸ್ಟ್‌ನಲ್ಲೂ ಆಡಿದ್ದಾಳೆ. ಆಟದೊಳಗೆ ಅವಳ ಹೆಸರೇ ಮಿಟೊ. ಕಯಾಬಾ ಮಾತು ಮುಗಿಸಿದ ಮೇಲೆ ಚೌಕದಲ್ಲಿ ಎಲ್ಲರೂ ಕಿರುಚಾಡುವಾಗ ಇವಳು ಅಸುನಾಳನ್ನು ಕರೆದುಕೊಂಡು ಊರು ಬಿಡುತ್ತಾಳೆ. ಕತ್ತಿ ಹಿಡಿಯುವುದು ಹೇಗೆ, ಒಬ್ಬರು ಹೊಡೆದು ಎದುರಾಳಿಯನ್ನು ತಡವರಿಸುವಂತೆ ಮಾಡಿದಾಗ ಇನ್ನೊಬ್ಬರು ‘ಸ್ವಿಚ್’ ಅಂತ ಮುಂದೆ ನುಗ್ಗುವುದು ಹೇಗೆ, ಎಲ್ಲ ಹೇಳಿಕೊಡುತ್ತಾಳೆ. ನಿನ್ನನ್ನು ನಾನು ಕಾಪಾಡುತ್ತೇನೆ ಅನ್ನುವ ಭರವಸೆ ಬೇರೆ.

ಆಮೇಲೆ ಕಾಡಿನ ಸೀನ್. ಗಿಡದ ರೂಪದ ರಾಕ್ಷಸರು, ನೆಪೆಂಟ್ ಅಂತ. ಇಬ್ಬರೂ ಬೇರೆಬೇರೆಯಾಗುತ್ತಾರೆ, ಇವಳೊಂದು ಕಡೆ, ಅವಳೊಂದು ಕಡೆ, ಸುತ್ತ ಹಿಂಡು. ಒಂದೇ ಪಾರ್ಟಿಯಲ್ಲಿ, ಅಂದರೆ ಆಟದ ಒಂದೇ ತಂಡದಲ್ಲಿ ಇರುವುದರಿಂದ, ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸುವ ಅಸುನಾ ಹೆಚ್‌ಪಿ ಪಟ್ಟಿ ಮಿಟೊ ಕಣ್ಣಂಚಿನಲ್ಲಿ ಕಾಣುತ್ತಲೇ ಇರುತ್ತದೆ. ಅದು ಇಳಿಯುತ್ತದೆ, ಇಳಿಯುತ್ತದೆ, ಕೆಂಪಾಗುತ್ತದೆ. ಅಲ್ಲಿಗೆ ಹೋಗಿ ಮುಟ್ಟಲು ಆಗಲ್ಲ ಅಂತ ಗೊತ್ತಾದಾಗ ಮಿಟೊ ಏನು ಮಾಡುತ್ತಾಳೆ? ಮೆನು ತೆಗೆದು ಪಾರ್ಟಿಯನ್ನೇ ಮುರಿಯುತ್ತಾಳೆ. ಪಾರ್ಟಿ ಮುರಿದರೆ ಪಟ್ಟಿ ಕಾಣುವುದಿಲ್ಲ. ಪಟ್ಟಿ ಕಾಣದಿದ್ದರೆ ಗೆಳತಿ ಸಾಯುವುದನ್ನು ನೋಡಬೇಕಾಗಿಲ್ಲ. ಅಷ್ಟೇ. ಇತ್ತ ಅಸುನಾಗೆ ಕಾದಾಡುತ್ತಿರುವಾಗಲೇ ಗೊತ್ತಾಗುತ್ತದೆ, ಮಿಟೊ ಬಿಟ್ಟು ಹೋದಳು ಅಂತ.

ಇಷ್ಟು ಕ್ರೂರವಾದ, ಇಷ್ಟು ಸಣ್ಣ ಕೆಲಸವನ್ನು ಈ ಸರಣಿಯಲ್ಲಿ ನಾನು ಇನ್ನೆಲ್ಲೂ ನೋಡಿಲ್ಲ. ಕತ್ತಿಯಿಲ್ಲ, ರಕ್ತವಿಲ್ಲ, ಬೆರಳಲ್ಲಿ ಒಂದು ಬಟನ್. ಅದೂ ಆಟದ ನಿಯಮದೊಳಗೇ ಹುಟ್ಟಿದ ದ್ರೋಹ, ಆಟದ ಹೊರಗೆ ಹೀಗೆ ಮಾಡಲಿಕ್ಕೇ ಬರುವುದಿಲ್ಲ. ಇಂಥದ್ದಕ್ಕೆ ತಾನೇ ಆಟದೊಳಗಿನ ಕತೆ ಬೇಕಾಗಿರೋದು?

ಈಗ ಎದುರುಪಕ್ಷದ ಮಾತು. ಪುಸ್ತಕದಲ್ಲಿ ಕಿರಿಟೊಗೆ ಅಸುನಾ ಮೊದಲು ಸಿಗುವುದು ಗುಹೆಯಂಥ ಡಂಜನ್‌ನಲ್ಲಿ. ಒಂದೇ ನಮೂನೆಯ ರೇಪಿಯರ್ (ತೆಳು ಕತ್ತಿ) ಹಲವು ಕೊಂಡು ತಂದಿರುತ್ತಾಳೆ, ಒಂದು ಸವೆದರೆ ಇನ್ನೊಂದು. ಊರಿಗೆ ವಾಪಸ್ ಹೋಗುವ ಯೋಚನೆಯೇ ಇಲ್ಲ. ಹೇಗೂ ಎಲ್ಲರೂ ಸಾಯುವವರೇ, ರೂಮಿನಲ್ಲಿ ಕೊಳೆಯುವ ಬದಲು ಕಾದಾಡಿ ಸಾಯೋಣ ಅನ್ನುವ ಹಠ. ಆ ಹಠಕ್ಕೆ ಯಾರೂ ಕಾರಣರಲ್ಲ, ಅವಳದ್ದೇ ತೀರ್ಮಾನ. ಸಿನಿಮಾದಲ್ಲಿ ಅದಕ್ಕೆ ಒಂದು ಕಾರಣ ಅಂಟಿಕೊಂಡಿತು, ಗೆಳತಿ ಕೈಬಿಟ್ಟಳು ಅಂತ. ಇದರಿಂದ ಅಸುನಾ ಸ್ವಲ್ಪ ಚಿಕ್ಕವಳಾದಳು ಅನ್ನುವವರ ಮಾತು ನಾನು ಒಪ್ಪುತ್ತೇನೆ. ಕಾರಣವಿಲ್ಲದ ಹತಾಶೆಗೆ ಇರುವ ತೂಕ ಕಾರಣವಿರುವ ಹತಾಶೆಗೆ ಇರುವುದಿಲ್ಲ. ಆದರೂ ಈ ಬದಲಾವಣೆ ನನಗೆ ಲಾಭದ್ದು ಅಂತಲೇ ಅನ್ನಿಸುತ್ತದೆ, ಯಾಕಂದರೆ ಇದರಿಂದ ಇನ್ನೊಂದು ಬಾಗಿಲು ತೆರೆಯಿತು. ಆ ಬಾಗಿಲಲ್ಲಿ ಸಿನಿಮಾ ಒಳಗೆ ಕಾಲಿಡಲಿಲ್ಲ ಅನ್ನೋದೇ ನನ್ನ ಸಿಟ್ಟು.

ಯಾವ ಬಾಗಿಲು ಅಂದರೆ, ತೊಲ್‌ಬಾನಾ ಊರಿನ ಸಭೆ. ಮೊದಲ ಮಹಡಿ ಕಾಯುವ ದೊಡ್ಡ ರಾಕ್ಷಸ, ಅಂದರೆ ಬಾಸ್ ಇಲ್‌ಫಾಂಗ್‌ನನ್ನು ಹೊಡೆಯಲು ಡಿಯಾಬೆಲ್ ಅನ್ನುವ ಆಟಗಾರ ಜನ ಸೇರಿಸುತ್ತಾನೆ. ಆಗ ಕಿಬಾವ್ ಅನ್ನುವ ಇನ್ನೊಬ್ಬ ಎದ್ದು ಕೂಗಾಡುತ್ತಾನೆ. ಮೊದಲ ತಿಂಗಳಲ್ಲೇ 2000 ಜನ ಸತ್ತರು, ಬೀಟಾ ಆಡಿದವರು ಹೊಸಬರನ್ನು ಬಿಟ್ಟು ತಮ್ಮ ಪಾಡಿಗೆ ಓಡಿದ್ದೇ ಕಾರಣ ಅಂತ. ಪುಸ್ತಕದಲ್ಲಿ ಇವನು ಬರೀ ಬಾಯಿಬಡುಕ, ಓದುಗರಿಗೆ ಇವನ ಮೇಲೆ ರೇಗುತ್ತದೆ. ಸಿನಿಮಾದಲ್ಲಿ? ಕೇಳುತ್ತಾ ಕೂತಿರುವ ಅಸುನಾಳನ್ನು ನಿಜವಾಗಿಯೂ ಒಬ್ಬ ಬೀಟಾ ಆಟಗಾರ್ತಿ ಬಿಟ್ಟು ಹೋಗಿದ್ದಾಳೆ! ಕಿಬಾವ್ ಹೇಳುತ್ತಿರುವುದು ಅವಳದ್ದೇ ಕತೆ. ಅಷ್ಟೇ ಅಲ್ಲ, ಊರು ದಾಟಿಸಿ ಬದುಕುವುದನ್ನು ಕಲಿಸಿದವಳೂ ಅದೇ ಬೀಟಾ ಆಟಗಾರ್ತಿ. ಎರಡೂ ನಿಜ. ಅಲ್ಲಿ ಕ್ಯಾಮೆರಾ ಅವಳ ಮುಖದ ಮೇಲೆ ನಿಂತಿದ್ದರೆ ಸಾಕಿತ್ತು. ನಿಲ್ಲುವಷ್ಟು ನಿಲ್ಲಲಿಲ್ಲ. ಪುಸ್ತಕದ ಸೀನನ್ನು ಇದ್ದ ಹಾಗೆ ತಂದಿಟ್ಟು ಮುಂದೆ ಹೋದರು. ಸ್ನಾನದ ಕೋಣೆಯ ಹಳೇ ತಮಾಷೆಗೆ ಮಾತ್ರ ಟೈಮ್ ಇತ್ತು, ನೋಡಿ.

ಅಲ್ಲಿಂದಾಚೆ ಸಿನಿಮಾ ನಮಗೆ ಗೊತ್ತಿರುವ ಹಳಿಗೆ ಬರುತ್ತದೆ. ಬಾಸ್ ಕಾದಾಟ ಚೆನ್ನಾಗಿದೆ, ಎ-1 ಪಿಕ್ಚರ್ಸ್‌ನವರಿಗೆ ಅದು ಕೈಬಂದ ಕೆಲಸ. ಬೀಟಾದಲ್ಲಿ ಬಾಸ್ ಕೊನೆಗೆ ತಲವಾರ್ ಎತ್ತುತ್ತಿದ್ದ, ಇಲ್ಲಿ ನೊದಾಚಿ ಅನ್ನುವ ಉದ್ದನೆಯ ಜಪಾನಿ ಕತ್ತಿ ಎತ್ತುತ್ತಾನೆ, ಅದನ್ನು ಕಂಡ ಕಿರಿಟೊ ಕೂಗುವಷ್ಟರಲ್ಲಿ ಡಿಯಾಬೆಲ್ ಸಿಕ್ಕಿಹಾಕಿಕೊಂಡಿರುತ್ತಾನೆ. ಯುಕಿ ಕಜಿಯುರಾ ಸಂಗೀತದ ಬಗ್ಗೆ ಹೇಳುವುದೇ ಬೇಡ, ಮೈ ಜುಮ್ಮೆನ್ನುತ್ತದೆ. ಆದರೆ ಅಸುನಾ ಮಿಟೊ ಮತ್ತೆ ಎದುರಾದ ಮೇಲೆ ಆಗಬೇಕಿದ್ದ ಮಾತುಕತೆ, ಜಗಳ, ಕ್ಷಮೆ ಎಲ್ಲ ಕತ್ತಿಗಳ ಸದ್ದಿನ ನಡುವೆ ಗಡಿಬಿಡಿಯಲ್ಲಿ ಆಗಿಹೋಯಿತು. ಕಾಡಿನಲ್ಲಿ ಅಷ್ಟು ಧೈರ್ಯ ಮಾಡಿದವರು ಇಲ್ಲಿ ಯಾಕೆ ಹೆದರಿದರೋ. 2022ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ಸಿನಿಮಾ ಸೀದಾ 5ನೇ ಮಹಡಿಗೆ ಹಾರಿತು, ಮಹಡಿ ಮಹಡಿ ಹತ್ತುತ್ತೇವೆ ಅಂತ ಶುರುವಾದ ಸರಣಿಯಲ್ಲಿ! ಅದರ ಬಗ್ಗೆ ಇನ್ನೊಂದು ದಿನ ಬಯ್ಯುತ್ತೇನೆ.

ಕೊನೆಗೆ ಕಿರಿಟೊ ತಾನೇ ‘ಬೀಟರ್’, ಎಲ್ಲರಿಗಿಂತ ದೊಡ್ಡ ಮೋಸಗಾರ ಅಂತ ನಟಿಸಿ ಬೀಟಾ ಆಡಿದವರ ಮೇಲಿನ ದ್ವೇಷವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತಾನಲ್ಲ, ಅದಕ್ಕೆ ನಾವೆಲ್ಲ ಚಪ್ಪಾಳೆ ಹೊಡೆದಿದ್ದೇವೆ. ಅದರಲ್ಲಿ ಮಿಟೊ ಪಾಲಿನ ದ್ವೇಷವೂ ಸೇರಿದೆ ಅಂತ ಯೋಚಿಸಿದರೆ ಹಳೇ ಸೀನೇ ಹೊಸದಾಗಿ ಕಾಣುತ್ತದೆ. ಇನ್ನೊಂದು, ಮೊದಲ ದಿನ ಕಿರಿಟೊ ಅವತ್ತೇ ಪರಿಚಯವಾದ ಹೊಸ ಆಟಗಾರ ಕ್ಲೈನ್‌ನನ್ನು ಬಿಟ್ಟು ಒಬ್ಬನೇ ಮುಂದಿನ ಊರಿಗೆ ಓಡಿದ್ದನ್ನು ಮರೆತಿಲ್ಲ ತಾನೇ? ಕ್ಲೈನ್ ತಾನೇ ಹೋಗು ಅಂದ, ನಿಜ. ಕಿರಿಟೊ ಬಾ ಅಂತ ಕರೆದದ್ದೂ ನಿಜ. ಆದರೆ ಅವನ ಗೆಳೆಯರನ್ನೂ ಕಟ್ಟಿಕೊಂಡು ಹೋಗಲು ಕಿರಿಟೊಗೆ ಧೈರ್ಯ ಸಾಲಲಿಲ್ಲ, ಅವನೇ ಅದಕ್ಕೆ ಕೊರಗುತ್ತಾನೆ. ಅವನನ್ನು ಇಷ್ಟು ವರ್ಷದಿಂದ ಹೀರೋ ಅಂತ ತಲೆ ಮೇಲೆ ಹೊತ್ತುಕೊಂಡಿದ್ದೀರಿ. ಮಿಟೊಗೆ ಮಾತ್ರ ಬೈಗುಳ ಯಾಕೆ? ಉತ್ತರ ಇದ್ದವರು ಕೆಳಗೆ ಬರೆಯಿರಿ. ಅವಳು ಪುಸ್ತಕದಲ್ಲಿ ಇಲ್ಲ ಅನ್ನೋದನ್ನು ಬಿಟ್ಟು ಬೇರೆ ಏನಾದರೂ ಹೇಳಿ.