ಧಣಿಗಳ ಕಪ್ಪು ಮಂಗಳವಾರ

2020ರ ಜೂನ್ 2, ಮಂಗಳವಾರ. ಅವತ್ತು ಇನ್‌ಸ್ಟಾಗ್ರಾಂ ತೆರೆದ ಎಷ್ಟೋ ಜನರಿಗೆ ಫೋನೇ ಕೆಟ್ಟಿತಾ ಅನ್ನಿಸಿರಬೇಕು. ಎಲ್ಲಿ ನೋಡಿದರೂ ಕಪ್ಪು ಚೌಕ. ಶೂ ಮಾರುವವರು, ಸೋಪು ಮಾರುವವರು, ಸಾಲ ಕೊಡುವವರು, ಎಲ್ಲರೂ ಒಂದೊಂದು ಚೌಕ ಅಂಟಿಸಿ ಕೈಕಟ್ಟಿ ನಿಂತಿದ್ದರು. ಎಂಟು ದಿನದ ಹಿಂದೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಮಂಡಿಯೂರಿ ಜೀವ ತೆಗೆದಿದ್ದ. ಬೀದಿಗಿಳಿದ ಜನ ನ್ಯಾಯ ಕೇಳಿದರು. ಕಂಪನಿಗಳು ಚೌಕ ಕೊಟ್ಟವು.

ಸಾವಿರಾರು ಮಂದಿ ಆ ಚೌಕಕ್ಕೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಎಂಬ ಚಳವಳಿಯ ಹ್ಯಾಶ್‌ಟ್ಯಾಗನ್ನೇ ತಗುಲಿಸಿದರು ಬೇರೆ. ಪ್ರತಿಭಟನೆ ಎಲ್ಲಿ, ಜಾಮೀನಿಗೆ ದುಡ್ಡು ಎಲ್ಲಿ ಕಟ್ಟಬೇಕು ಅಂತ ಹುಡುಕಿದವರಿಗೆ ಬರೀ ಕತ್ತಲೆ ಕಂಡಿತು. ಬೆಂಬಲ ಅಷ್ಟು ಜೋರಾಗಿತ್ತು.

ಧಣಿಗಳನ್ನು ಸುಮ್ನೆ ಬೈಯಬಾರದು. ನೌಕರರ ಪಕ್ಕ ನಿಲ್ಲುವುದು ಕಷ್ಟದ ಕೆಲಸ. ನೌಕರರು ಸುಮ್ಮನಿದ್ದರೆ ಪರವಾಗಿಲ್ಲ, ಅವರೂ ನಿಂತುಬಿಟ್ಟರೆ ಏನು ಮಾಡೋದು? ಸ್ಟಾರ್‌ಬಕ್ಸ್‌ಗೆ ಬಂದದ್ದು ಇದೇ ಪೇಚು. ಕಪ್ಪು ಜನರ ಜೊತೆ ನಾವಿದ್ದೇವೆ ಅಂತ ಕಂಪನಿ ಸಾರಿತ್ತು. ಕೌಂಟರಿನ ಹಿಂದೆ ಕಾಫಿ ಬೆರೆಸುವ ಹುಡುಗ ಹುಡುಗಿಯರು ಅದನ್ನು ನಂಬಿಬಿಟ್ಟರು. ಹಾಗಾದರೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಅಂತ ಬರೆದ ಬ್ಯಾಡ್ಜ್, ಟೀ ಶರ್ಟ್ ಹಾಕಿಕೊಂಡು ಬರಬಹುದಾ ಅಂದರು. ಮೇಲಿನಿಂದ ಮ್ಯಾನೇಜರ್‌ಗಳಿಗೆ ಸೂಚನೆ ಬಂತು: ಬೇಡ. ಜನ ತಪ್ಪು ತಿಳಿಯಬಹುದು, ಒಡಕು ಜಾಸ್ತಿಯಾಗಬಹುದು. ಸಲಿಂಗಿಗಳು, ಲಿಂಗ ಅಲ್ಪಸಂಖ್ಯಾತರ ಪ್ರೈಡ್ ತಿಂಗಳಲ್ಲಿ ಕಾಮನಬಿಲ್ಲಿನ ಬ್ಯಾಡ್ಜನ್ನು ನೀವೇ ಹಂಚುತ್ತೀರಲ್ಲ ಅಂತ ನೌಕರರು ಕೇಳಿದರು. ಜೂನ್ 10, ಬುಧವಾರ ಸುದ್ದಿ ಹೊರಗೆ ಬಿತ್ತು. ಶುಕ್ರವಾರದ ಹೊತ್ತಿಗೆ ಜ್ಞಾನೋದಯ. ಬ್ಯಾಡ್ಜ್ ಹಾಕಿಕೊಳ್ಳಿ, ಟೀ ಶರ್ಟ್ ಹಾಕಿಕೊಳ್ಳಿ, ನಾವೇ 2,50,000 ಟೀ ಶರ್ಟ್ ಮಾಡಿಸಿ ಕೊಡುತ್ತೇವೆ! ಬುಧವಾರ ಊರು ಒಡೆಯುತ್ತಿದ್ದ ಬಟ್ಟೆ ಶುಕ್ರವಾರ ಕಂಪನಿಯ ಉಡುಗೊರೆ.

ಈ ಕಂಪನಿಗೆ ಪಾಠ ಹೊಸದೇನಲ್ಲ. 2018ರಲ್ಲಿ ಫಿಲಡೆಲ್ಫಿಯಾದ ಅಂಗಡಿಯಲ್ಲಿ ಯಾರನ್ನೋ ಕಾಯುತ್ತ ಕೂತಿದ್ದ ಇಬ್ಬರು ಕಪ್ಪು ಯುವಕರನ್ನು ಪೊಲೀಸರಿಗೆ ಫೋನ್ ಮಾಡಿ ಹಿಡಿಸಿದ್ದರು. ಕೈಗೆ ಕೋಳ ಹಾಕಿದ ವಿಡಿಯೊ ಊರೆಲ್ಲ ಓಡಾಡಿತು. ಪ್ರಾಯಶ್ಚಿತ್ತಕ್ಕೆ ಮೇ 29ರ ಮಧ್ಯಾಹ್ನ ಸುಮಾರು 8,000 ಅಂಗಡಿಗಳ ಬಾಗಿಲು ಮುಚ್ಚಿ, ಬಣ್ಣ ನೋಡಿ ಭೇದ ಮಾಡಬೇಡಿ ಅಂತ ಎಲ್ಲರಿಗೂ ತರಬೇತಿ ಕೊಟ್ಟರು. ನೂರಾರು ವರ್ಷದ ಕಾಯಿಲೆಗೆ ಒಂದು ಮಧ್ಯಾಹ್ನದ ಕಷಾಯ. ಸಂಜೆ ಬೀಗ ಹಾಕಿ ಎಲ್ಲರೂ ಮನೆಗೆ ಹೋದರು. ತರಬೇತಿಯೂ ಅವರ ಜೊತೆ ಹೋಯಿತು ಅಂತ ಕಾಣುತ್ತದೆ.

ಅಮೆಜಾನ್ ಇನ್ನೂ ಚುರುಕು. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಗೋದಾಮಿನಲ್ಲಿ ಕ್ರಿಸ್ ಸ್ಮಾಲ್ಸ್ ಎಂಬ ಕಪ್ಪು ನೌಕರ, ಕೊರೊನಾದಿಂದ ನಮ್ಮನ್ನು ಕಾಪಾಡಿ ಅಂತ ಜೊತೆಗಾರರನ್ನು ಕಟ್ಟಿಕೊಂಡು ಹೊರಗೆ ಬಂದ. ಅವತ್ತೇ ಕೆಲಸ ಹೋಯಿತು. ಕ್ವಾರಂಟೈನ್ ನಿಯಮ ಮುರಿದ ಅಂತ ಕಂಪನಿ ಹೇಳಿತು. ಅವನು ಜಾಣನೂ ಅಲ್ಲ, ಮಾತು ಬಲ್ಲವನೂ ಅಲ್ಲ ಅಂತ ಕಂಪನಿಯ ಹಿರಿಯ ವಕೀಲರು ಬರೆದುಕೊಂಡ ಟಿಪ್ಪಣಿ ಸೋರಿತು. ಎರಡು ತಿಂಗಳಿಗೆ ಅದೇ ಕಂಪನಿ ಕಪ್ಪು ಜನರ ಮೇಲಿನ ಅನ್ಯಾಯ ನಿಲ್ಲಲಿ ಅಂತ ಟ್ವೀಟ್ ಮಾಡಿತು. ಅದರದ್ದೇ ಹೋಲ್ ಫುಡ್ಸ್ ಅಂಗಡಿಗಳಲ್ಲಿ ಚಳವಳಿಯ ಹೆಸರಿದ್ದ ಮಾಸ್ಕ್ ಹಾಕಿ ಬಂದ ನೌಕರರನ್ನು ಆ ಬೇಸಿಗೆಯಲ್ಲೇ ಮನೆಗೆ ಕಳಿಸಿದರು. ಟ್ವೀಟು ಬಾಯಿ ಮುಚ್ಚೋದಿಲ್ಲ, ಮಾಸ್ಕು ಮುಚ್ಚುತ್ತದೆ, ಅಲ್ವಾ? ಮಾತು ಬಾರದ ಆ ಸ್ಮಾಲ್ಸ್ 2022ರ ಏಪ್ರಿಲ್‌ನಲ್ಲಿ ಅದೇ ಗೋದಾಮಿನಲ್ಲಿ ಯೂನಿಯನ್ ಚುನಾವಣೆ ಗೆದ್ದ.

ಈ ಗಾಳಿ ಬೆಂಗಳೂರಿಗೂ ಬೀಸಿತು. ವರ್ಣಭೇದ ಕಿತ್ತೊಗೆಯುವ ಕೆಲಸದಲ್ಲಿ ನಮ್ಮ ಟೆಕ್ಕಿಗಳ ಪಾಲೂ ಇದೆ. ಕೋಡ್ ಇಡುವ ಮುಖ್ಯ ಕವಲಿಗೆ, ಅಂದರೆ ಬ್ರ್ಯಾಂಚಿಗೆ, ಮಾಸ್ಟರ್ (ಧಣಿ) ಅಂತ ಹೆಸರಿತ್ತು. ಗುಲಾಮಗಿರಿಯ ವಾಸನೆ ಬರುತ್ತದೆ ಅಂತ ಕೋಡ್ ಇಡುವ ತಾಣವಾದ ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ರೆಪೊಗಳಲ್ಲಿ (ಕೋಡಿನ ಕಣಜಗಳಲ್ಲಿ) ಅದನ್ನು ಮೇನ್ ಮಾಡಿತು. ಹಳೇ ರೆಪೊಗಳಲ್ಲೂ ಬದಲಾಯಿಸಿ ಅಂತ ಎಷ್ಟೋ ಕಂಪನಿಗಳು ಆದೇಶ ಹೊರಡಿಸಿದವು. ಕೋಡನ್ನು ತಾನಾಗಿ ಜೋಡಿಸುವ, ಅಂದರೆ ಬಿಲ್ಡ್ ಮಾಡುವ, ಸ್ಕ್ರಿಪ್ಟುಗಳಲ್ಲಿ ಮಾತ್ರ ಹಳೇ ಹೆಸರೇ ಉಳಿದರೆ? ಆಗಿನ ಬೆಳಗಿನ ಕಾಲ್‌ಗಳು ಹೀಗಿದ್ದಿರಬೇಕು:

'ಸರ್, ರಾತ್ರಿಯಿಂದ ಬಿಲ್ಡ್ ಫೇಲ್ ಆಗ್ತಿದೆ.'

'ಯಾಕಪ್ಪಾ?'

'ಗುಲಾಮಗಿರಿ ಹೋಯ್ತಲ್ಲ ಸರ್, ಸ್ಕ್ರಿಪ್ಟಿಗೆ ಗೊತ್ತಾಗಿಲ್ಲ.'

2020ರ ಅದೇ ಜೂನ್ ಮುಗಿಯುವ ದಿನ, 30ನೇ ತಾರೀಕು, ಕ್ಯಾಲಿಫೋರ್ನಿಯಾ ಸರ್ಕಾರ ಸಿಸ್ಕೊ ಎಂಬ ಟೆಕ್ ಕಂಪನಿಯ ಮೇಲೆ ಕೇಸು ಹಾಕಿತು. ಭಾರತದಿಂದ ಹೋದ ದಲಿತ ಇಂಜಿನಿಯರ್ ಒಬ್ಬರಿಗೆ, ಭಾರತದಿಂದಲೇ ಹೋದ ಮೇಲ್ಜಾತಿಯ ಮ್ಯಾನೇಜರ್‌ಗಳು ಜಾತಿ ನೋಡಿ ಕಿರುಕುಳ ಕೊಟ್ಟರು ಎಂಬ ಆರೋಪ. ದೂರು ಕೊಟ್ಟರೆ, ಜಾತಿ ತಾರತಮ್ಯ ಕಾನೂನಿಗೆ ವಿರುದ್ಧ ಅಲ್ಲ ಅಂತ ಒಳಗಿನ ವಿಚಾರಣೆಯಲ್ಲಿ ಹೇಳಿದರಂತೆ. ಕಂಪನಿ ಆರೋಪ ಒಪ್ಪಲಿಲ್ಲ. 2023ರಲ್ಲಿ ಮ್ಯಾನೇಜರ್‌ಗಳ ಮೇಲಿನ ಕೇಸನ್ನು ಸರ್ಕಾರ ಕೈಬಿಟ್ಟಿತು, ಕಂಪನಿಯ ಮೇಲಿನದ್ದು ಉಳಿಯಿತು. ಬ್ರ್ಯಾಂಚಿನ ಹೆಸರಿಗೆ ಕಣ್ಣೀರು ಹಾಕಿದ ನಮ್ಮವರು ಈ ವಿಷಯಕ್ಕೆ ಯಾವ ಬಣ್ಣದ ಚೌಕವನ್ನೂ ಅಂಟಿಸಿದ್ದು ನನಗೆ ಕಾಣಲಿಲ್ಲ. ಜಾತಿಗೆ ಯಾವ ಬಣ್ಣ ಅಂತ ಡಿಸೈನರ್ ಕೇಳಿರಬೇಕು, ಪಾಪ.

2020ರ ಜುಲೈನಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಬಂತು. 1975ರಿಂದ ಇದ್ದ ಹೆಸರು. 'ಬೆಳ್ಳಗಿನ ವಧು ಬೇಕಾಗಿದೆ' ಎಂಬ ಸಾಲು ಯಾವ ಕಂಪನಿಯ ಆಸ್ತಿಯೂ ಅಲ್ಲದ್ದರಿಂದ ಅದನ್ನು ಬದಲಿಸಲು ಯಾರೂ ಸಿಗಲಿಲ್ಲ.

ಆಮೇಲೆ ಅಮೆರಿಕದಲ್ಲಿ ಹವೆ ತಿರುಗಿತು. 2024ರ ನವೆಂಬರ್‌ನಲ್ಲಿ ವಾಲ್‌ಮಾರ್ಟ್, 2025ರ ಜನವರಿಯಲ್ಲಿ ಮೆಟಾ, ಎಲ್ಲರೂ ವೈವಿಧ್ಯದ, ಅಂದರೆ ಕಪ್ಪು ಜನರಂಥ ಹಿಂದುಳಿದವರಿಗೂ ಅವಕಾಶ ಕೊಡುವ ಯೋಜನೆಗಳ, ಅಂಗಡಿಯ ಶಟರ್ ಎಳೆದರು. ಟಾರ್ಗೆಟ್ ಎಂಬ ಅಂಗಡಿ ಸರಣಿ ಕೂಡ. ಅದರ ಮುಖ್ಯ ಕಚೇರಿ ಫ್ಲಾಯ್ಡ್ ಸತ್ತ ಮಿನಿಯಾಪೊಲಿಸ್‌ನಲ್ಲೇ ಇದೆ. ದೊಡ್ಡ ಆಫೀಸೊಂದು ನಮ್ಮ ಬೆಂಗಳೂರಿನಲ್ಲೂ ಇದೆ. ಕಪ್ಪು ಜನರ ವ್ಯಾಪಾರಗಳಲ್ಲಿ 2025ರೊಳಗೆ 200 ಕೋಟಿ ಡಾಲರ್ ಖರ್ಚು ಮಾಡುತ್ತೇವೆ ಅಂದಿದ್ದ ಕಂಪನಿ ಅದು. ಟ್ರಂಪ್ ಬಂದು ಕೂತ ವಾರದಲ್ಲೇ ವೈವಿಧ್ಯದ ಗುರಿಗಳಿಗೆ ಮಂಗಳ ಹಾಡಿತು. ಮುಗಿಸುವಾಗಲೂ ಶಿಸ್ತು ಬಿಡಲಿಲ್ಲ: ಸಪ್ಲೈಯರ್ ಡೈವರ್ಸಿಟಿ ಎಂಬ ತಂಡಕ್ಕೆ ಸಪ್ಲೈಯರ್ ಎಂಗೇಜ್‌ಮೆಂಟ್ ಅಂತ ಮರುನಾಮಕರಣ ಮಾಡಿತು.

ಅಟ್ಲಾಂಟಾ ಬಳಿಯ ಪಾದ್ರಿಯೊಬ್ಬರು ಟಾರ್ಗೆಟ್‌ನಲ್ಲಿ 40 ದಿನ ಏನೂ ಕೊಳ್ಳಬೇಡಿ ಅಂತ ಕರೆ ಕೊಟ್ಟರು. 2025ರ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಮೂರು ತಿಂಗಳಲ್ಲಿ ಅದರ ಹಳೇ ಅಂಗಡಿಗಳು ಮತ್ತು ಆನ್‌ಲೈನ್ ಸೇರಿದ ಒಟ್ಟು ವ್ಯಾಪಾರ ಶೇ 3.8ರಷ್ಟು ಇಳಿಯಿತು. ಜನರ ಸಿಟ್ಟೂ ಅದಕ್ಕೆ ಒಂದು ಕಾರಣ ಅಂತ ಕಂಪನಿಯೇ ಒಪ್ಪಿತು. ಸ್ಕ್ರಿಪ್ಟು ಮಾತ್ರ ಈ ಸಲ ಎಲ್ಲೂ ಫೇಲ್ ಆದ ಸುದ್ದಿಯಿಲ್ಲ.