ಗುರು ತಪ್ಪಿದರೆ ಸಂಸ್ಕಾರವೂ ಸುಳ್ಳೇ?

ಐರ್ಲೆಂಡಿನಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಕ್ಯಾಥೊಲಿಕ್ ಗುರುಗಳು (ಪಾದ್ರಿಗಳು) ನೀಡಿದ ಸಂಸ್ಕಾರಗಳಿಗೆ, ಅಂದರೆ ಜ್ಞಾನಸ್ನಾನದಂಥ (ಬ್ಯಾಪ್ಟಿಸಮ್) ಪವಿತ್ರ ವಿಧಿಗಳಿಗೆ, ಏನು ಬೆಲೆ ಎಂದು ಅಲ್ಲಿನ ಚರ್ಚಿನ ಕುರಿತ ಲೇಖನವೊಂದರಲ್ಲಿ ಲೇಖಕರು ಕೇಳಿದ್ದಾರೆ. ನಾಲ್ಕನೇ ಶತಮಾನದಲ್ಲೇ ಉತ್ತರ ಆಫ್ರಿಕದ ಡೊನಾಟಿಸ್ಟರು ಇದೇ ಪ್ರಶ್ನೆ ಎತ್ತಿ ಧರ್ಮಸಭೆಯಿಂದ (ಚರ್ಚಿನಿಂದ) ಬೇರೆಯಾಗಿದ್ದರು. ರೋಮಿನ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟ ಬಿಷಪ್ ನೀಡಿದ ಸಂಸ್ಕಾರ ಸಲ್ಲದು ಎಂಬುದು ಅವರ ಹಟ. ಅವರಿಗೆ ಸಂತ ಅಗಸ್ಟೀನರು ಕೊಟ್ಟ ಉತ್ತರವೇ ನನಗೆ ಇಂದಿಗೂ ಆಧಾರ: ಜ್ಞಾನಸ್ನಾನ ಕೊಡುವವನು ಕ್ರಿಸ್ತ, ಗುರುವಿನ ಕೈ ನಿಮಿತ್ತ ಮಾತ್ರ.

ಆದರೆ ಈ ಉತ್ತರವನ್ನು ತಪ್ಪಿತಸ್ಥರ ರಕ್ಷಣೆಗೆ ಬಳಸುವವರನ್ನು ನಾನು ಸಹಿಸಲಾರೆ. ಡಬ್ಲಿನ್ನಿನಲ್ಲಿ ಮಕ್ಕಳಿಗಿಂತ ಸಂಸ್ಥೆಯ ಮರ್ಯಾದೆಯೇ ದೊಡ್ಡದಾಗಿತ್ತೆಂದು ಗುರುಗಳ ದೌರ್ಜನ್ಯದ ತನಿಖೆ ನಡೆಸಿದ 2009ರ ಮರ್ಫಿ ವರದಿ ಬಯಲು ಮಾಡಿತು. ಬಾಲ್ಯದಲ್ಲಿ ಗುರುವೊಬ್ಬನಿಂದ ನೊಂದ ಮೇರಿ ಕಾಲಿನ್ಸ್ 2014ರಲ್ಲಿ ವ್ಯಾಟಿಕನ್ನಿನ ಮಕ್ಕಳ ರಕ್ಷಣಾ ಆಯೋಗ ಸೇರಿ, ಅಲ್ಲಿನ ಅಧಿಕಾರಿಗಳ ಅಸಹಕಾರಕ್ಕೆ ಬೇಸತ್ತು 2017ರಲ್ಲಿ ಹೊರಬಂದರು. ಆ ಸುದ್ದಿ ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟಿಟ್ಟುಕೊಂಡೇ ಭಾನುವಾರ ಚರ್ಚಿನ ಬಲಿಪೂಜೆಗೆ ಹೋಗುತ್ತೇನೆ.

ಲೇಖನದ ಇನ್ನೊಂದು ಮಾತು, ಚರ್ಚಿಗೆ ಬರುವವರಲ್ಲಿ ಈಗ ಉಳಿದಿರುವುದು ಬರೀ ಅಭ್ಯಾಸಬಲ ಎಂಬುದು, ಪೂರ್ತಿ ತಲೆಕೆಳಗು. 2011ರ ಜನಗಣತಿಯಲ್ಲಿ ಶೇ 84ರಷ್ಟಿದ್ದ ಐರ್ಲೆಂಡಿನ ಕ್ಯಾಥೊಲಿಕರು 2022ರಲ್ಲಿ ಶೇ 69ಕ್ಕೆ ಇಳಿದರು, ನಿಜ. ಅಭ್ಯಾಸಬಲ ಇದ್ದದ್ದು ಹಿಂದೆ, ನೆರೆಯವರು ಏನೆನ್ನುವರೋ ಎಂದು ಚರ್ಚಿಗೆ ಬರುತ್ತಿದ್ದ ಕಾಲದಲ್ಲಿ. ಈಗ ಬಾರದಿದ್ದರೆ ಯಾರೂ ಕೇಳುವುದಿಲ್ಲ, ಬಂದರೆ ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ಆದರೂ ಬರುವವರಿದ್ದಾರೆ, ಐರ್ಲೆಂಡಿನಲ್ಲಿರುವ ನಮ್ಮ ಮಂಗಳೂರು ಕಡೆಯ ನರ್ಸುಗಳು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುತ್ತಾರೆ. ಲೇಖಕರು ಅವರಲ್ಲಿ ಒಬ್ಬರನ್ನಾದರೂ ಮಾತನಾಡಿಸಿ ಬರೆಯಬೇಕಿತ್ತು.